107 ಗ್ರಾಂ ದವಡೆ: ಸಿಟ್ಟಾರ್ಡ್‌ನ ಅಜ್ಜಿಯೊಬ್ಬರ ಪ್ರಕರಣ

2011ರ ಜೂನ್‌ನಲ್ಲಿ ನೆದರ್‌ಲ್ಯಾಂಡ್ಸ್‌ನ ಸಿಟ್ಟಾರ್ಡ್-ಖೆಲೇನ್ ಊರಿನ ಆರ್ಬಿಸ್ ಆಸ್ಪತ್ರೆಯಲ್ಲಿ 83 ವರ್ಷದ ಅಜ್ಜಿಯೊಬ್ಬರ ಕೆಳದವಡೆಯನ್ನು ಇಡಿಯಾಗಿ ತೆಗೆದು, ಟೈಟಾನಿಯಂ ಪುಡಿಯಿಂದ ಪದರ ಪದರವಾಗಿ ಮುದ್ರಿಸಿದ ದವಡೆಯೊಂದನ್ನು ಅದೇ ಜಾಗದಲ್ಲಿ ಕೂರಿಸಿದರು. ಸುದ್ದಿ ಹೊರಗೆ ಬಂದದ್ದು 2012ರ ಫೆಬ್ರವರಿಯಲ್ಲಿ. ಒಬ್ಬ ರೋಗಿಯ ಅಳತೆಗೆಂದೇ ಮಾಡಿದ ಇಡೀ ಕೆಳದವಡೆ ಜಗತ್ತಿನಲ್ಲಿ ಇದೇ ಮೊದಲನೆಯದು ಎಂದು ಆ ತಂಡ ಹೇಳಿಕೊಂಡಿತು. ಪತ್ರಿಕೆಗಳೆಲ್ಲ ಮುದ್ರಣಯಂತ್ರದ ಬಗ್ಗೆಯೇ ಬರೆದವು.

ನಾನು ಬಾಯಿ ಮತ್ತು ದವಡೆಯ ಸರ್ಜರಿ ಮಾಡುವವನು. ಪಿ.ಜಿ. ವಿದ್ಯಾರ್ಥಿಗಳಿಗೆ ಪ್ರತಿವರ್ಷ ಈ ಪ್ರಕರಣವನ್ನು ಬಿಡಿಸಿ ಹೇಳುತ್ತೇನೆ. ಯಂತ್ರಕ್ಕೆ ಬರುವ ಮುಂಚೆ ಅರ್ಧ ಗಂಟೆ ಆ ಅಜ್ಜಿಯ ವಯಸ್ಸು, ಅವರ ಕಾಯಿಲೆ, ಅವರ ಮುಂದಿದ್ದ ದಾರಿಗಳು ಇಷ್ಟನ್ನೇ ಮಾತಾಡುತ್ತೇವೆ. ಲೋಹದ ದವಡೆ ಅವರಿಗೆ ಒಪ್ಪಿದ್ದು ಆ ವಯಸ್ಸಿಗೆ, ಆ ಕಾಯಿಲೆಗೆ. ಅದನ್ನೇ ನಲವತ್ತೈದರ ಗುಟ್ಕಾ ಕ್ಯಾನ್ಸರ್ ರೋಗಿಯ ಬಾಯಿಗೆ ಹಾಕಿದ್ದರೆ ನಾನು ಅದನ್ನು ತಪ್ಪು ಚಿಕಿತ್ಸೆ ಎಂದೇ ಕರೆಯುತ್ತಿದ್ದೆ.

ಕೀವು ಹಿಡಿದ ಮೂಳೆ

ಅಜ್ಜಿಗೆ ಇದ್ದದ್ದು ದವಡೆ ಮೂಳೆಯ ಹಳೆಯ ಸೋಂಕು. ವೈದ್ಯರು ಆಸ್ಟಿಯೋಮಯಲೈಟಿಸ್ ಎನ್ನುತ್ತಾರೆ. ಹಲ್ಲಿನ ಬೇರಿನಿಂದಲೋ ವಸಡಿನ ಗಾಯದಿಂದಲೋ ಒಳಗೆ ಹೋದ ರೋಗಾಣು ಮೂಳೆಯ ಮಜ್ಜೆಯಲ್ಲಿ ಕೀವು ಕಟ್ಟುತ್ತದೆ. ಕೀವಿನ ಒತ್ತಡಕ್ಕೆ ಒಳಗಿನ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ರಕ್ತ ನಿಂತ ಮೂಳೆ ಸಾಯುತ್ತದೆ. ಆಂಟಿಬಯಾಟಿಕ್ ಹೋಗುವುದು ರಕ್ತದ ಜೊತೆಯಲ್ಲೇ. ರಕ್ತವೇ ತಲುಪದ ಕಡೆಗೆ ಔಷಧಿಯೂ ತಲುಪುವುದಿಲ್ಲ. ಸತ್ತ ಮೂಳೆಯ ತುಂಡಿನ ಮೇಲೆ ರೋಗಾಣುಗಳು ಲೋಳೆಯಂಥ ಹೊದಿಕೆ ಹೊದ್ದು ವರ್ಷಗಟ್ಟಲೆ ಕೂತಿರುತ್ತವೆ. ಆಗಾಗ ಗದ್ದದ ಕೆಳಗೆ ಚರ್ಮ ಒಡೆದು ಕೀವು ಸೋರುತ್ತದೆ, ಒಣಗುತ್ತದೆ, ಮತ್ತೆ ಸೋರುತ್ತದೆ.

ಮೇಲ್ದವಡೆಗೆ ಹೋಲಿಸಿದರೆ ಕೆಳದವಡೆಗೆ ಈ ಕಾಯಿಲೆ ಬಹಳ ಹೆಚ್ಚು. ಮೇಲ್ದವಡೆಯ ಮೂಳೆ ತೆಳು, ಅದಕ್ಕೆ ಸುತ್ತಲಿಂದಲೂ ರಕ್ತ ಬರುತ್ತದೆ. ಕೆಳದವಡೆಯದು ದಪ್ಪ ಗೋಡೆ, ಒಳಗೆ ಉದ್ದಕ್ಕೂ ಸಾಗುವ ಮುಖ್ಯ ನಾಳ ಒಂದೇ. ವಯಸ್ಸಾದಂತೆ ಆ ನಾಳದ ಹರಿವೂ ಇಳಿಯುತ್ತದೆ. ಆಮೇಲೆ ಮೂಳೆ ಬದುಕುವುದು ತನ್ನ ಮೇಲಿನ ಪೊರೆಯಿಂದ ಇಂಗುವ ರಕ್ತದಿಂದ. ಎಂಬತ್ತು ದಾಟಿದವರ ದವಡೆಯನ್ನು ಕೆರೆದು ಕೆರೆದು ಶುಚಿ ಮಾಡಿದರೆ ಆ ಪೊರೆಯೂ ಕಳಚಿಕೊಳ್ಳುತ್ತದೆ. ಸೋಂಕು ತೆಗೆಯಲು ಹೋದ ಕೈಯೇ ಮೂಳೆಯ ಕೊನೆಯ ಆಹಾರವನ್ನು ಕಿತ್ತುಕೊಂಡ ಹಾಗಾಗುತ್ತದೆ.

ಸೋಂಕು ದವಡೆಯ ಈ ತುದಿಯಿಂದ ಆ ತುದಿಯವರೆಗೆ ಹಬ್ಬಿದ್ದರೆ ಅರ್ಧ ಕೊಯ್ದು ಅರ್ಧ ಉಳಿಸುವುದರಲ್ಲಿ ಅರ್ಥವಿಲ್ಲ. ಉಳಿದ ಅರ್ಧವೇ ನಾಳಿನ ಕೀವಿನ ಮೂಲವಾಗುತ್ತದೆ. ಇನ್ನೂ ಒಂದು ಮಾತಿದೆ. ಸೋಂಕಿನ ಜಾಗದಲ್ಲಿ ಲೋಹ ಇಡುವುದು ಸರ್ಜರಿಯ ಹಳೆಯ ಪಾಠಕ್ಕೆ ವಿರುದ್ಧ. ಸತ್ತ ಮೂಳೆಯ ಮೇಲೆ ಕೂರುವ ಅದೇ ಲೋಳೆಯ ಹೊದಿಕೆ ಲೋಹದ ಮೇಲೂ ಕೂರುತ್ತದೆ. ಆದ್ದರಿಂದ ಲೋಹ ಹಾಕುವುದಾದರೆ ಕೆಟ್ಟ ಮೂಳೆ ಒಂದು ಚೂರೂ ಉಳಿಯಬಾರದು. ಇಡೀ ದವಡೆ ತೆಗೆಯುವ ತೀರ್ಮಾನ ಕೇಳಲು ಕ್ರೂರವಾಗಿ ಕಂಡರೂ, ಲೋಹದ ದವಡೆಗೆ ಶುದ್ಧವಾದ ಹಾಸು ಸಿಗುವುದು ಅದರಿಂದಲೇ.

ದವಡೆ ಇಲ್ಲದಿದ್ದರೆ ಏನಾಗುತ್ತದೆ

ದವಡೆ ಎಂದಾಕ್ಷಣ ಎಲ್ಲರಿಗೂ ಹೊಳೆಯುವುದು ಅಗಿಯುವ ಕೆಲಸ. ಆದರೆ ಮಿಕ್ಸಿಯಲ್ಲಿ ರುಬ್ಬಿ ಕೊಟ್ಟರೆ ಅಗಿಯದೆಯೂ ಬದುಕಬಹುದು. ನುಂಗುವುದು, ಉಸಿರಾಡುವುದು ಹಾಗಲ್ಲ. ಗದ್ದದ ಒಳಬದಿಯಲ್ಲಿ ಎರಡು ಚಿಕ್ಕ ಗುಬುಟುಗಳಿವೆ. ನಾಲಿಗೆಯನ್ನು ಮುಂದಕ್ಕೆ ಹಿಡಿದಿಡುವ ಸ್ನಾಯುವಿನ ಬುಡ ಅಲ್ಲಿದೆ. ಅದರ ಕೆಳಗಿನ ಸ್ನಾಯುಗಳು ದವಡೆಯಿಂದ ಹೊರಟು ಗಂಟಲಿನ ಮುಂದಿರುವ ಪುಟ್ಟ ಕಮಾನಿನಂಥ ಎಲುಬಿಗೆ ಅಂಟಿಕೊಂಡಿವೆ. ನಾವು ತುತ್ತು ನುಂಗುವಾಗ ಈ ಸ್ನಾಯುಗಳು ದವಡೆಯನ್ನು ಆಧಾರವಾಗಿ ಹಿಡಿದು ಆ ಎಲುಬನ್ನೂ ಧ್ವನಿಪೆಟ್ಟಿಗೆಯನ್ನೂ ಮೇಲಕ್ಕೆ, ಮುಂದಕ್ಕೆ ಎಳೆಯುತ್ತವೆ. ಆಗಲೇ ಶ್ವಾಸನಾಳ ಮುಚ್ಚಿಕೊಂಡು ಅನ್ನನಾಳ ತೆರೆಯುವುದು. ಗದ್ದದ ಮೂಳೆ ಹೋದರೆ ಎಳೆಯಲು ಗೂಟವೇ ಇರುವುದಿಲ್ಲ. ನಾಲಿಗೆ ಹಿಂದಕ್ಕೆ ಜಾರಿ ಉಸಿರುದಾರಿಗೆ ಅಡ್ಡವಾಗುತ್ತದೆ. ಜೊಲ್ಲು ಹಿಡಿಯಲು ತುಟಿಗೆ ಆಸರೆ ಇರುವುದಿಲ್ಲ. ಮಾತು ಕಲಸಿಹೋಗುತ್ತದೆ.

ಹೀಗಾಗಿ ಏನೂ ಇಡದೆ ಬಿಡುವ ದಾರಿ ಹೆಸರಿಗಷ್ಟೇ ಇದೆ. ಉಳಿದದ್ದು ಎರಡು. ಒಂದು, ಕಾಲಿನ ಎಲುಬು. ಇನ್ನೊಂದು, ಲೋಹ.

ಕಾಲಿನ ಎಲುಬಿನ ದಾರಿಯನ್ನು ಕೆಳದವಡೆಗೆ ತೋರಿಸಿಕೊಟ್ಟವರು ಅಮೆರಿಕದ ಸರ್ಜನ್ ಡೇವಿಡ್ ಹಿಡಾಲ್ಗೊ, 1989ರಲ್ಲಿ. ಮೊಣಕಾಲಿನ ಕೆಳಗೆ ಎರಡು ಎಲುಬುಗಳಿವೆ. ಭಾರ ಹೊರುವುದು ದಪ್ಪನೆಯದು. ಅದರ ಪಕ್ಕದ ತೆಳ್ಳನೆಯ ಫಿಬ್ಯುಲಾವನ್ನು, ಮೊಣಕಾಲು ಮತ್ತು ಪಾದದ ಕೀಲಿನ ಬಳಿ ಒಂದಿಷ್ಟು ಬಿಟ್ಟು, ನಡುವಿನ ಉದ್ದದ ತುಂಡನ್ನು ಅದರದೇ ರಕ್ತನಾಳದ ಸಮೇತ ತೆಗೆಯಬಹುದು. ರೋಗಿ ಆಮೇಲೂ ನಡೆಯುತ್ತಾನೆ. ತೆಗೆದ ಎಲುಬನ್ನು ಅಲ್ಲಲ್ಲಿ ಕತ್ತರಿಸಿ, ದವಡೆಯ ಬಾಗಿಗೆ ಹೊಂದಿಸಿ, ಪ್ಲೇಟು ಸ್ಕ್ರೂ ಹಾಕಿ, ಕೊನೆಗೆ ಮೈಕ್ರೋಸ್ಕೋಪಿನ ಕೆಳಗೆ ಎರಡು ಮೂರು ಮಿಲಿಮೀಟರ್ ಅಗಲದ ನಾಳಗಳನ್ನು ಕತ್ತಿನ ನಾಳಗಳಿಗೆ ಹೊಲಿಯಬೇಕು. ಹೊಲಿಗೆ ಸರಿಯಾಗಿ ಕೂತು ರಕ್ತ ಹರಿದಾಗ ಎಲುಬಿನ ಅಂಚಿನಲ್ಲಿ ಕೆಂಪು ಜಿನುಗುತ್ತದೆ. ಎಷ್ಟೋ ಸಲ ನೋಡಿದ್ದೇನೆ, ಈಗಲೂ ಆ ಕ್ಷಣಕ್ಕೆ ಕಣ್ಣು ತುಂಬುತ್ತದೆ. ಜೀವಂತ ಮೂಳೆಗೆ ಸಮಾನವಾದದ್ದು ಇನ್ನೊಂದಿಲ್ಲ. ಅದು ದವಡೆಗೆ ಕೂಡಿಕೊಳ್ಳುತ್ತದೆ, ಸೋಂಕಿನ ಜೊತೆ ತಾನೇ ಹೋರಾಡುತ್ತದೆ, ರೇಡಿಯೇಷನ್ನನ್ನೂ ಒಂದು ಮಟ್ಟಿಗೆ ತಡೆದುಕೊಳ್ಳುತ್ತದೆ.

ಅದಕ್ಕೆ ತೆರಬೇಕಾದದ್ದು ಸಮಯ. ಹತ್ತು, ಹನ್ನೆರಡು ಗಂಟೆ ಸಾಮಾನ್ಯ. ಎರಡೂ ಕಡೆಯ ಕೀಲಿನವರೆಗೆ ಇಡೀ ದವಡೆ ಕಟ್ಟಬೇಕೆಂದರೆ ಇನ್ನೂ ಹೆಚ್ಚು. ಸಿಟ್ಟಾರ್ಡ್ ತಂಡ ಸಾಂಪ್ರದಾಯಿಕ ವಿಧಾನಕ್ಕೆ 20 ಗಂಟೆಯವರೆಗೂ ಹಿಡಿಯಬಹುದಿತ್ತೆಂದು ಲೆಕ್ಕ ಹೇಳಿತ್ತು. 83ರ ಹೃದಯ, 83ರ ಶ್ವಾಸಕೋಶ, ಅಷ್ಟು ಹೊತ್ತಿನ ಅರಿವಳಿಕೆ, ಆಮೇಲೆ ಕಾಲಿನದೊಂದು ಗಾಯ, ವಾರಗಟ್ಟಲೆ ಹಾಸಿಗೆ. ಆ ವಯಸ್ಸಿನವರನ್ನು ಹಾಸಿಗೆಯೇ ಕೊಲ್ಲುತ್ತದೆ: ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಬುದ್ಧಿ ಮಂಕಾಗುತ್ತದೆ.

ಇಲ್ಲಿ ನನ್ನದೇ ಒಂದು ನೆನಪನ್ನು ಹೇಳಬೇಕು. ತರಬೇತಿಯ ದಿನಗಳಲ್ಲಿ ಮಂಡ್ಯ ಕಡೆಯ 72 ವರ್ಷದ ಯಜಮಾನರೊಬ್ಬರು ಬಂದಿದ್ದರು. ಗದ್ದದ ಬಳಿ ವಸಡಿನ ಕ್ಯಾನ್ಸರ್. ಬೀಡಿ ಸೇದಿ ಸೇದಿ ಕಾಲಿನ ನಾಳಗಳು ಕಟ್ಟಿಹೋಗಿದ್ದವು, ಎಲುಬು ತೆಗೆದರೆ ಪಾದಕ್ಕೇ ಅಪಾಯ. ಆಗ ನಮಗೆ ತಿಳಿದಿದ್ದದ್ದು ಒಂದೇ: ಅಂಗಡಿಯಲ್ಲಿ ಸಿಗುವ ನೇರ ಟೈಟಾನಿಯಂ ಪ್ಲೇಟನ್ನು ಆಪರೇಷನ್ ಟೇಬಲ್ಲಿನ ಮೇಲೇ ಇಕ್ಕಳದಿಂದ ಬಗ್ಗಿಸಿ ಎರಡು ಮೂಳೆತುದಿಗಳ ನಡುವೆ ಸೇತುವೆ ಕಟ್ಟುವುದು. ಹಿಂದಿನ ದಿನ ಅವರ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಡಾಕ್ಟ್ರೇ, ನಮ್ಮಪ್ಪ ಇನ್ಮೇಲೆ ಮುದ್ದೆ ನುಂಗ್ತಾರಾ?"

ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹಲ್ಲಿಲ್ಲದ ಅಜ್ಜಂದಿರೂ ನುಂಗುತ್ತಾರೆ. ಆದರೆ ಅದಕ್ಕೆ ನಾಲಿಗೆಗೆ ಕಸುವು ಬೇಕು, ಗದ್ದದ ಸ್ನಾಯುಗಳಿಗೆ ಹಿಡಿ ಬೇಕು. ಆಕೆ ಅರಿಯದೆಯೇ ನಮ್ಮ ಇಡೀ ಶಾಸ್ತ್ರದ ನಡುಮಧ್ಯದ ಪ್ರಶ್ನೆಯನ್ನು ಕೇಳಿದ್ದಳು. ನಾನು "ನೋಡೋಣಮ್ಮ" ಎಂದೆ. ಪ್ಲೇಟು ಕೂತಿತು. ಎಂಟು ತಿಂಗಳ ಮೇಲೆ ಗದ್ದದ ಚರ್ಮ ಸವೆದು ಲೋಹದ ಅಂಚು ಹೊರಗೆ ಕಾಣಿಸಿಕೊಂಡಿತು. ಅಲ್ಲಿಯವರೆಗೂ ಅವರು ಅಂಬಲಿಯಲ್ಲೇ ಇದ್ದರು. ಕೈಯಲ್ಲಿ ಬಗ್ಗಿಸಿದ ಪ್ಲೇಟು ಗದ್ದದ ಬಾಗಿಗಿಂತ ಮುಂದಕ್ಕೆ ಚಾಚಿತ್ತು. ಸ್ನಾಯುಗಳನ್ನು ಕಟ್ಟಲು ಅದರಲ್ಲಿ ತಕ್ಕ ಜಾಗವೂ ಇರಲಿಲ್ಲ. ಆ ಎರಡು ತಪ್ಪುಗಳನ್ನು ನೋಡಿದ್ದರಿಂದಲೇ ಸಿಟ್ಟಾರ್ಡ್ ದವಡೆಯ ಚಿತ್ರ ಮೊದಲ ಸಲ ಕಂಡಾಗ ನನ್ನ ಕಣ್ಣು ನೆಟ್ಟದ್ದು ಅದರ ಹೊಳಪಿನ ಮೇಲಲ್ಲ, ಅದರ ಮೈಮೇಲಿನ ತೂತು, ಗುಳಿ, ಗೀರುಗಳ ಮೇಲೆ.

ನೂರು ಕಿಲೋಮೀಟರಿನ ಒಳಗಿನ ಊರುಗಳು

ಸಿಟ್ಟಾರ್ಡ್ ಇರುವುದು ನೆದರ್‌ಲ್ಯಾಂಡ್ಸ್‌, ಬೆಲ್ಜಿಯಂ, ಜರ್ಮನಿ ಮೂರೂ ಒಂದಕ್ಕೊಂದು ತಾಗುವ ಮೂಲೆಯಲ್ಲಿ. ಲೇಸರಿನಿಂದ ಲೋಹದ ಪುಡಿ ಕರಗಿಸಿ ವಸ್ತು ಕಟ್ಟುವ ವಿದ್ಯೆ 1990ರ ದಶಕದಲ್ಲಿ ಬೆಳೆದದ್ದು ಜರ್ಮನಿಯ ಆಖೆನ್‌ನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ. ಆಖೆನ್ ಇಲ್ಲಿಂದ ಕೂಗಳತೆ ದೂರ. ಬೆಲ್ಜಿಯಂನ ಲೂವೆನ್‌ನಲ್ಲಿ ಮೆಟೀರಿಯಲೈಸ್ ಕಂಪನಿ 1990ರಲ್ಲೇ ಶುರುವಾಗಿ, ಸಿ.ಟಿ. ಸ್ಕ್ಯಾನಿನ ಚಿತ್ರಗಳನ್ನು ಮೂರು ಆಯಾಮದ ಆಕಾರವಾಗಿಸುವ ತಂತ್ರಾಂಶ ಮಾಡುತ್ತಿತ್ತು. ಲೂವೆನ್ ವಿಶ್ವವಿದ್ಯಾಲಯದ ನೆರಳಿನಲ್ಲೇ ಹುಟ್ಟಿದ ಲೇಯರ್‌ವೈಸ್ ಲೋಹ ಮುದ್ರಿಸುತ್ತಿತ್ತು. ಹಾಸೆಲ್ಟ್ ವಿಶ್ವವಿದ್ಯಾಲಯದ ಬಯೋಮೆಡ್ ಸಂಶೋಧನಾ ಸಂಸ್ಥೆ, ಮಾಸ್ಟ್ರಿಕ್ಟ್‌ನ ಕ್ಸಿಲಾಕ್ ಎಂಬ ವಿನ್ಯಾಸ ಕಂಪನಿ, ಸರ್ಜನ್ ಜೂಲ್ಸ್ ಪೌಕೆನ್ಸ್ ನೇತೃತ್ವದ ವೈದ್ಯರು. ಇವರೆಲ್ಲ ನೂರು ಕಿಲೋಮೀಟರಿನ ಒಳಗಿದ್ದವರು, ಒಂದು ಮಧ್ಯಾಹ್ನದಲ್ಲಿ ಒಂದೇ ಮೇಜಿನ ಸುತ್ತ ಕೂರಬಲ್ಲವರು. ಇದು ಸಣ್ಣ ಸಂಗತಿ ಎಂದು ನನಗೆ ಅನ್ನಿಸುವುದಿಲ್ಲ. ಸರ್ಜನ್ ಮತ್ತು ಎಂಜಿನಿಯರ್ ಇಮೇಲಿನಲ್ಲಷ್ಟೇ ಮಾತಾಡಿಕೊಂಡರೆ ಸ್ಕ್ರೂ ತೂತಿನ ಕೋನ ಸರಿಯಿರುತ್ತದೆ, ಆದರೆ ಆ ಕೋನದಲ್ಲಿ ಸ್ಕ್ರೂಡ್ರೈವರ್ ಹಿಡಿದ ಕೈ ಕೆನ್ನೆಯೊಳಗೆ ಹೋಗುವುದೇ ಇಲ್ಲ.

ವಿನ್ಯಾಸ ಶುರುವಾಗುವುದು ಸ್ಕ್ಯಾನಿನಿಂದ. ಮೂಳೆಯನ್ನು ಸುತ್ತಲಿನ ಮಾಂಸದಿಂದ ಕಂಪ್ಯೂಟರಿನಲ್ಲಿ ಬೇರ್ಪಡಿಸಿ ಆಕಾರ ಪಡೆಯುತ್ತಾರೆ. ಸೋಂಕಿನಿಂದ ಕರಗಿ, ಊದಿ, ತಿಂದುಹೋದ ದವಡೆಯನ್ನು ಇದ್ದ ಹಾಗೆಯೇ ನಕಲು ಮಾಡಿ ಪ್ರಯೋಜನವಿಲ್ಲ. ಆ ಮುಖಕ್ಕೆ ಇರಬೇಕಾಗಿದ್ದ ದವಡೆಯನ್ನು ಊಹಿಸಿ ತಿದ್ದಬೇಕು. ಒಂದು ಬದಿ ಚೆನ್ನಾಗಿದ್ದರೆ ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಇನ್ನೊಂದು ಬದಿಗೆ ತರುವುದು ರೂಢಿ.

ಈ ದವಡೆಯಲ್ಲಿ ಅವರು ಇಟ್ಟದ್ದೇನು? ಎರಡೂ ತುದಿಗೆ ಕಿವಿಯ ಮುಂದಿನ ಕುಳಿಯಲ್ಲಿ ಆಡುವ ಕೀಲಿನ ತಲೆಗಳು. ಸ್ನಾಯುಗಳು ಬೆಳೆದು ಅಂಟಿಕೊಳ್ಳಲೆಂದು ಪೊಳ್ಳುಗಳು. ನರ ಮತ್ತು ರಕ್ತನಾಳಗಳಿಗೆ ದಾರಿ ತೋರುವ ಕಾಲುವೆಯಂಥ ಗೀರುಗಳು. ಮೇಲಂಚಿನಲ್ಲಿ, ಮುಂದೆ ಹಲ್ಲಿನ ಸೆಟ್ಟು ಕೂರಿಸಲು ತೂತುಗಳು.

ಇದರಲ್ಲಿ ಸ್ನಾಯುವಿನ ಪೊಳ್ಳು ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಜೀವಾಳ. ಸ್ನಾಯು ನುಣ್ಣಗಿನ ಲೋಹಕ್ಕೆ ಅಂಟುವುದಿಲ್ಲ. ಆದರೆ ಗುಳಿ, ತೂತುಗಳಿದ್ದರೆ ಗಾಯ ಮಾಯುವಾಗ ಹುಟ್ಟುವ ನಾರಿನಂಥ ಅಂಗಾಂಶ ಅದರೊಳಗೆ ನುಗ್ಗಿ, ಗೋಡೆಯ ಬಿರುಕಿಗೆ ಆಲದ ಬೇರು ಇಳಿದ ಹಾಗೆ, ಹಿಡಿದುಕೊಳ್ಳುತ್ತದೆ. ಅಲ್ಲಿಯವರೆಗೆ ಹೊಲಿಗೆ ದಾರ ಹಾಯಿಸಲೂ ಆ ತೂತೇ ಆಸರೆ. ನರದ ಗೀರಿನ ಬಗ್ಗೆ ನನಗೆ ಅಷ್ಟು ದೊಡ್ಡ ನಿರೀಕ್ಷೆ ಇಲ್ಲ. ಕೆಳತುಟಿಗೆ ಸ್ಪರ್ಶ ಕೊಡುವ ನರ ದವಡೆಯ ಒಳಗೇ ಸಾಗುತ್ತದೆ. 83ರ ವಯಸ್ಸಿನಲ್ಲಿ ಗಾಯಗೊಂಡ ನರ ಮತ್ತೆ ಬೆಳೆಯುವುದು ನಿಧಾನ, ಅರೆಬರೆ. ಆದರೂ ಲೋಹದ ಅಂಚಿಗೂ ಮಾಂಸಕ್ಕೂ ನಡುವೆ ನರ ನಜ್ಜುಗುಜ್ಜಾಗದಂತೆ ಒಂದು ತಾವು ಬಿಟ್ಟರಲ್ಲ, ಅದರಲ್ಲಿ ರೋಗಿಯ ಮೇಲಿನ ಕಾಳಜಿ ಕಾಣುತ್ತದೆ.

ಪುಡಿಯಿಂದ ದವಡೆ

ಟೈಟಾನಿಯಂ ಎರಕಕ್ಕೆ ಸುಲಭವಾಗಿ ಬಗ್ಗುವ ಲೋಹವಲ್ಲ. ಕರಗುವುದು 1,668 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕರಗಿದಾಗ ಅಚ್ಚಿನ ಜೊತೆಗೂ ಗಾಳಿಯ ಆಮ್ಲಜನಕದ ಜೊತೆಗೂ ಪ್ರತಿಕ್ರಿಯಿಸಿ ಪೆಡಸಾಗುತ್ತದೆ. ಗಟ್ಟಿ ದಿಮ್ಮಿಯಿಂದ ಕೊರೆದು ತೆಗೆಯಬಹುದು, ಆದರೆ ಒಳಪೊಳ್ಳುಗಳನ್ನು ಕೊರೆಯುವ ಚಾಣಕ್ಕೆ ದಾರಿಯಿಲ್ಲ.

ಮುದ್ರಿಸುವ ಯಂತ್ರದಲ್ಲಿ ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯೊಳಗೆ ಮೈದಾದಷ್ಟು ನುಣ್ಣಗಿನ ಟೈಟಾನಿಯಂ ಪುಡಿಯನ್ನು ತೆಳ್ಳಗೆ ಹರಡುತ್ತಾರೆ. ಲೇಸರ್ ಆ ಪದರದ ಮೇಲೆ ದವಡೆಯ ಅಡ್ಡಸೀಳಿನ ಆಕಾರವನ್ನು, ರಂಗೋಲಿಯ ಗೆರೆ ಎಳೆದ ಹಾಗೆ, ಎಳೆಯುತ್ತದೆ. ಗೆರೆ ಹಾದ ಕಡೆ ಪುಡಿ ಕರಗಿ ಗಟ್ಟಿಯಾಗುತ್ತದೆ. ಹಲಗೆ ಕೂದಲೆಳೆಯಷ್ಟು ಕೆಳಗಿಳಿಯುತ್ತದೆ, ಹೊಸ ಪುಡಿ, ಹೊಸ ಗೆರೆ. ಈ ದವಡೆಗೆ ಒಂದು ಮಿಲಿಮೀಟರಿಗೆ 33 ಪದರ, ಅಂದರೆ ಒಂದು ಸೆಂಟಿಮೀಟರ್ ಎತ್ತರಕ್ಕೆ 330. ವಿನ್ಯಾಸ ಮುಗಿದ ಮೇಲೆ ಮುದ್ರಣಕ್ಕೆ ಹಿಡಿದದ್ದು ಕೆಲವೇ ಗಂಟೆ.

ಮುದ್ರಣ ಮುಗಿದ ತಕ್ಷಣ ದವಡೆ ಸಿದ್ಧ ಎಂದುಕೊಳ್ಳಬಾರದು. ಕಾದು, ತಕ್ಷಣ ತಣಿದು, ಮತ್ತೆ ಕಾದ ಲೋಹದೊಳಗೆ ಬಿಗಿತ ಉಳಿದಿರುತ್ತದೆ. ಕುಲುಮೆಯಲ್ಲಿ ಹದವಾಗಿ ಕಾಯಿಸಿ ಆ ಬಿಗಿತ ಇಳಿಸದೆ ಹಲಗೆಯಿಂದ ಕತ್ತರಿಸಿದರೆ ಆಕಾರ ಸೊಟ್ಟಗಾಗುತ್ತದೆ. ಆಮೇಲೆ ಆಸರೆ ಕಂಬಿಗಳನ್ನು ಮುರಿಯಬೇಕು, ಸಿಕ್ಕಿಕೊಂಡ ಪುಡಿಯನ್ನು ಪೊಳ್ಳುಗಳಿಂದ ಊದಿ ತೆಗೆಯಬೇಕು, ಬಾಯಿಯ ಒಳಪದರಕ್ಕೆ ತಾಗುವ ಕಡೆ ನುಣುಪಾಗಿಸಬೇಕು. ಕೊನೆಗೆ ಲೈಡನ್‌ನ ಕ್ಯಾಮ್‌ಬಯೋಸೆರಾಮಿಕ್ಸ್ ಕಂಪನಿ ಇದಕ್ಕೆ ಅಂಗಾಂಶಕ್ಕೆ ಒಗ್ಗುವ ಸೆರಾಮಿಕ್ ಲೇಪ ಕೊಟ್ಟಿತು.

ತೂಕ 107 ಗ್ರಾಂ ಬಂತು. ಅಜ್ಜಿಯ ಸ್ವಂತ ದವಡೆಗಿಂತ ಸುಮಾರು 30 ಗ್ರಾಂ ಹೆಚ್ಚು. ಟೈಟಾನಿಯಂ ಒಂದು ಘನ ಸೆಂಟಿಮೀಟರಿಗೆ ಸುಮಾರು 4.5 ಗ್ರಾಂ ತೂಗುತ್ತದೆ. ಅಂದರೆ ಇಡೀ ದವಡೆಯಲ್ಲಿ ಇದ್ದ ಲೋಹ ಸುಮಾರು 24 ಘನ ಸೆಂಟಿಮೀಟರ್, ಐದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಎನ್ನಿ. ಪೊಳ್ಳುಗಳಿಲ್ಲದೆ ಗಟ್ಟಿಯಾಗಿ ಮಾಡಿದ್ದರೆ ಆ ವಯಸ್ಸಿನ ಸ್ನಾಯುಗಳು ಬಾಯಿ ಮುಚ್ಚಿಟ್ಟುಕೊಳ್ಳುವುದಕ್ಕೇ ದಣಿಯುತ್ತಿದ್ದವು.

ಆಪರೇಷನ್ ದಿನ

ಶಸ್ತ್ರಚಿಕಿತ್ಸೆ ನಾಲ್ಕು ಗಂಟೆಯೊಳಗೆ ಮುಗಿಯಿತು. ಅರಿವಳಿಕೆ ಇಳಿದು ಎಚ್ಚರವಾದ ಸ್ವಲ್ಪ ಹೊತ್ತಿಗೆ ಅಜ್ಜಿ ಕೆಲವು ಮಾತಾಡಿದರು. ಮರುದಿನ ನುಂಗಲು ಬಂತು. ನಾಲ್ಕು ದಿನಕ್ಕೆ ಮನೆಗೆ ಹೋದರು.

ಪತ್ರಿಕೆಗಳು ಮಾತನ್ನು ದೊಡ್ಡದಾಗಿ ಬರೆದವು. ನಾನು ಮರುದಿನದ ನುಂಗುವಿಕೆಯ ವಾಕ್ಯವನ್ನು ಮತ್ತೆ ಮತ್ತೆ ಓದಿದೆ. ಗದ್ದದ ಸ್ನಾಯುಗಳನ್ನು ಆಪರೇಷನ್ನಿನಲ್ಲೇ ಲೋಹಕ್ಕೆ ಬಿಗಿಯಾಗಿ ಕಟ್ಟಿ, ದವಡೆ ಸರಿಯಾದ ಜಾಗದಲ್ಲಿ ಕೂತಿದ್ದರೆ ಮಾತ್ರ ಅಷ್ಟು ಬೇಗ ನುಂಗಲು ಬಂದೀತು.

ಲೋಹ ಹೊತ್ತು ತರುವ ತೊಂದರೆಗಳು

ಈ ಯಶಸ್ಸನ್ನು ನಾನು ಮನಸಾರೆ ಮೆಚ್ಚುತ್ತೇನೆ, ಹಾಗೆಂದೇ ಅದರ ಮಿತಿಗಳನ್ನು ವಿದ್ಯಾರ್ಥಿಗಳಿಗೆ ಬಿಡದೆ ಹೇಳುತ್ತೇನೆ.

ಮೊದಲನೆಯದು ಹೊದಿಕೆ. ಲೋಹಕ್ಕೆ ರಕ್ತವಿಲ್ಲ. ಅದರ ಮೇಲಿನ ವಸಡು, ಚರ್ಮ ತೆಳುವಾದರೆ ಒಳಗಿನಿಂದ ಮತ್ತೆ ಬೆಳೆದು ಮುಚ್ಚುವುದಿಲ್ಲ. ಬಾಯಿ ಎಂದರೆ ರೋಗಾಣುಗಳ ಸಂತೆ. ಸೂಜಿಮೊನೆಯಷ್ಟು ತೂತಾದರೂ ಸೋಂಕು ಲೋಹದುದ್ದಕ್ಕೂ ಹರಡುತ್ತದೆ. ಮಂಡ್ಯದ ಯಜಮಾನರಿಗೆ ಆದದ್ದು ಇದೇ.

ಎರಡನೆಯದು ಗಡಸುತನ. ಟೈಟಾನಿಯಂ ಮೂಳೆಯ ಗಟ್ಟಿ ಹೊರಪದರಕ್ಕಿಂತ ಐದಾರು ಪಟ್ಟು ಹೆಚ್ಚು ಗಡಸು. ಅರ್ಧ ಲೋಹ, ಅರ್ಧ ಮೂಳೆ ಇರುವ ಕಡೆ ಅಗಿಯುವ ಭಾರವನ್ನೆಲ್ಲ ಲೋಹವೇ ಹೊರುತ್ತದೆ. ಕೆಲಸವಿಲ್ಲದ ಮೂಳೆ ಸೊರಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ. ಸಿಟ್ಟಾರ್ಡ್ ಅಜ್ಜಿಗೆ ಈ ತೊಂದರೆ ಬರುವಂತಿರಲಿಲ್ಲ: ಇಡೀ ದವಡೆಯೇ ಲೋಹ, ಸ್ಕ್ರೂ ಕಚ್ಚಿಕೊಳ್ಳಬೇಕಾದ ಮೂಳೆತುದಿಯೇ ಇರಲಿಲ್ಲ. ಇಡೀ ದವಡೆ ಕಟ್ಟುವುದು ಅರ್ಧ ದವಡೆಗಿಂತ ಕಷ್ಟ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಈ ಒಂದು ವಿಷಯದಲ್ಲಿ ಅದೇ ಸುಲಭ.

ಆದರೆ ಅದರ ಬದಲು ಇನ್ನೊಂದು ಅಪಾಯ ಕೀಲಿಗೆ ಹೋಗುತ್ತದೆ. ಲೋಹದ ಕೀಲುತಲೆ ಆಡುವುದು ತಲೆಬುರುಡೆಯ ತಳದ ಕುಳಿಯಲ್ಲಿ. ಆ ಕುಳಿಯ ಮೇಲ್ಛಾವಣಿ ತೆಳು, ಅದರಾಚೆ ಮಿದುಳು. ನಡುವಿನ ಮೆತ್ತೆ ಹರಿದುಹೋಗಿ ಲೋಹ ನೇರವಾಗಿ ಮೂಳೆಗೆ ಉಜ್ಜಿದರೆ ವರ್ಷಗಳಲ್ಲಿ ಅದನ್ನು ತಿನ್ನುತ್ತದೆ. ಅದಕ್ಕೇ ಕೀಲು ಬದಲಾವಣೆಗೆಂದೇ ಮಾಡುವ ಕೃತಕ ಕೀಲುಗಳಲ್ಲಿ ಕುಳಿಯ ಬದಿಗೆ ಗಟ್ಟಿ ಪಾಲಿಎಥಿಲೀನಿನ ಹಾಸು ಕೊಡುತ್ತಾರೆ. 83ರವರಿಗೆ ಹತ್ತು ವರ್ಷ ಬಾಳುವ ಕೀಲು ಸಾಕಾಗಬಹುದು. 30ರವರಿಗೆ ಅದು ಸಾಲದು.

ಇನ್ನು ಕಾನೂನು. ಆ ಕಾಲದಲ್ಲಿ ಯುರೋಪಿನಲ್ಲಿ ಜಾರಿಯಲ್ಲಿದ್ದ 1993ರ ವೈದ್ಯಕೀಯ ಸಾಧನ ನಿರ್ದೇಶನದ ಪ್ರಕಾರ, ಹೆಸರಿಟ್ಟು ಒಬ್ಬ ರೋಗಿಗೆಂದೇ ವೈದ್ಯರು ಬರೆದುಕೊಟ್ಟ ಚೀಟಿಯ ಮೇಲೆ ಮಾಡುವ ಸಾಧನಕ್ಕೆ ಮಾರುಕಟ್ಟೆ ಮುದ್ರೆ ಬೇಕಿರಲಿಲ್ಲ. ತಯಾರಕರ ಲಿಖಿತ ಹೇಳಿಕೆ ಸಾಕಾಗುತ್ತಿತ್ತು. ಅಜ್ಜಿಗೆ ತಡವಾಗದೆ ದವಡೆ ಸಿಗಲು ಇಂಥ ದಾರಿ ಬೇಕು. ಅದೇ ದಾರಿಯಲ್ಲಿ ಅರೆಬೆಂದ ವಿನ್ಯಾಸಗಳೂ ನುಸುಳಬಲ್ಲವು. ತಯಾರಕನಿಗೆ ಕೊಡುವ ಚೀಟಿಗೆ ಸಹಿ ಹಾಕುವ ಸರ್ಜನ್ ತನಗೆ ಅರ್ಥವಾಗದ ಒಂದು ಗೆರೆಯನ್ನೂ ಒಪ್ಪಕೂಡದು.

ನಮ್ಮ ಕಡೆಯ ದವಡೆಗಳು

ನಮ್ಮಲ್ಲಿ ದವಡೆ ಕೊಯ್ಯುವುದು ಬಹುಮಟ್ಟಿಗೆ ಬಾಯಿ ಕ್ಯಾನ್ಸರಿಗೆ. 2020ರ ಅಂದಾಜಿನಲ್ಲಿ ಭಾರತದಲ್ಲಿ ಆ ಒಂದೇ ವರ್ಷ ತುಟಿ ಮತ್ತು ಬಾಯಿಯ ಕ್ಯಾನ್ಸರಿನ ಹೊಸ ರೋಗಿಗಳು ಸುಮಾರು 1.35 ಲಕ್ಷ. ತಂಬಾಕು ಮಾತ್ರವಲ್ಲ, ಅಡಿಕೆಯೇ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಕೂತು ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ. ನನ್ನ ನೆಂಟರಲ್ಲೇ ಅರ್ಧದಷ್ಟು ಮಂದಿ ತೋಟದವರು.

ಈ ರೋಗಿಗಳು ಸಿಟ್ಟಾರ್ಡ್ ಅಜ್ಜಿಯಂಥವರಲ್ಲ. ಎಷ್ಟೋ ಮಂದಿ ನಲವತ್ತು, ಐವತ್ತರವರು, ಮನೆ ನಡೆಸುವವರು. ಅವರಿಗೆ ಮೂಳೆಯ ಜೊತೆ ಕೆನ್ನೆಯ ಒಳಪದರ, ಕೆಲವೊಮ್ಮೆ ಹೊರಚರ್ಮವೂ ಹೋಗಿರುತ್ತದೆ. ಲೋಹ ಮಾಂಸವನ್ನು ತುಂಬಿಕೊಡುವುದಿಲ್ಲ. ಆಪರೇಷನ್ನಾದ ಆರು ವಾರಕ್ಕೆ ರೇಡಿಯೇಷನ್ ಶುರು. ಕಿರಣ ಲೋಹಕ್ಕೆ ಬಡಿದು ಚದುರಿ ಅದರ ಮೇಲಿನ ತೆಳುಪದರಕ್ಕೆ ಹೆಚ್ಚು ಸುಡುತ್ತದೆ. ಮುಂದೆ ಕ್ಯಾನ್ಸರ್ ಮರಳಿದೆಯೇ ಎಂದು ಸ್ಕ್ಯಾನ್ ಮಾಡಿದರೆ ಲೋಹದ ಸುತ್ತ ಬಿಳಿ ಗೀಟುಗಳು ಮೂಡಿ, ನೋಡಬೇಕಾದ ಜಾಗವೇ ಮಸುಕಾಗುತ್ತದೆ. ಇವರಿಗೆ ಕಾಲಿನ ಎಲುಬು, ಅದರ ಜೊತೆಗೇ ಬರುವ ಚರ್ಮದ ತುಣುಕು, ಇದೇ ಮೊದಲ ಆಯ್ಕೆ. ಹನ್ನೆರಡು ಗಂಟೆ ಹಿಡಿದರೂ ಸರಿ, ತಡೆದುಕೊಳ್ಳುವ ದೇಹ ಅವರಿಗಿದೆ.

ಹಾಗಾದರೆ ಮುದ್ರಿತ ಲೋಹಕ್ಕೆ ಇಲ್ಲಿ ಕೆಲಸವಿಲ್ಲವೇ? ಇದೆ, ಆದರೆ ಬೇರೆ ರೂಪದಲ್ಲಿ. ದವಡೆಯ ಸ್ಕ್ಯಾನು, ಕಾಲಿನ ಸ್ಕ್ಯಾನು ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿ ಎಲ್ಲಿ ಕತ್ತರಿಸಬೇಕೆಂದು ಮೊದಲೇ ಗೊತ್ತುಮಾಡುತ್ತೇವೆ. ಗರಗಸ ಎಲ್ಲಿ ಯಾವ ಕೋನದಲ್ಲಿ ಇಳಿಯಬೇಕೆಂದು ಹೇಳುವ ಪ್ಲಾಸ್ಟಿಕ್ ಪಟ್ಟಿ ಮುದ್ರಿಸಿಕೊಳ್ಳುತ್ತೇವೆ. ತುಂಡುಗಳನ್ನು ಹಿಡಿದಿಡುವ ಟೈಟಾನಿಯಂ ಪ್ಲೇಟನ್ನು ಆ ರೋಗಿಯ ಗದ್ದದ ಬಾಗಿಗೇ ಮುದ್ರಿಸಬಹುದು. ಇಕ್ಕಳದಿಂದ ಬಗ್ಗಿಸಿದಾಗ ಪ್ಲೇಟಿಗೆ ಬೀಳುವ ಗಾಯ, ಮುಂದೆ ಅದೇ ಜಾಗದಲ್ಲಿ ಅದು ಮುರಿಯುವ ಭಯ ಎರಡೂ ಇರುವುದಿಲ್ಲ. ದುಡ್ಡಿಲ್ಲದ ಕಡೆ ಅಗ್ಗದ ಪ್ಲಾಸ್ಟಿಕ್ ಮಾದರಿಯೊಂದನ್ನು ಮುದ್ರಿಸಿ, ಆಪರೇಷನ್ನಿನ ಹಿಂದಿನ ಸಂಜೆಯೇ ಸಾಧಾರಣ ಪ್ಲೇಟನ್ನು ಅದರ ಮೇಲಿಟ್ಟು ನಿಧಾನವಾಗಿ ಬಗ್ಗಿಸಿಟ್ಟುಕೊಂಡರೂ ಅರ್ಧ ಗೆದ್ದ ಹಾಗೆ. ಇದನ್ನು ಜಿಲ್ಲಾ ಮಟ್ಟದಲ್ಲೂ ಮಾಡಬಹುದು. ಈಗಿನ ನನ್ನ ವಿದ್ಯಾರ್ಥಿಗಳು ಮಾಡುತ್ತಾರೆ.

ಎಂಬತ್ತರ ಆಸುಪಾಸಿನವರು, ಕಾಲಿನ ನಾಳ ಕೆಟ್ಟವರು, ಕ್ಯಾನ್ಸರಲ್ಲದ ಕಾಯಿಲೆಗೆ ದವಡೆ ಕಳೆದುಕೊಂಡು ಮೇಲಿನ ಮಾಂಸ, ಚರ್ಮ ಚೆನ್ನಾಗಿ ಉಳಿದವರು, ಇಂಥವರು ಬಂದಾಗ ನಾನು ಸಿಟ್ಟಾರ್ಡ್ ಕಡತವನ್ನು ತೆರೆಯುತ್ತೇನೆ.

ಆ ಅಜ್ಜಿಯ ಚಿಕಿತ್ಸೆ ಮೊದಲ ಆಪರೇಷನ್ನಿಗೇ ಮುಗಿಯುವಂಥದ್ದಾಗಿರಲಿಲ್ಲ. ದವಡೆಯ ಮೇಲಂಚಿನ ತೂತುಗಳಲ್ಲಿ, ವಸಡು ಮಾಯುವವರೆಗೆ ಜಾಗ ಹಿಡಿದಿಡಲೆಂದು ತಾತ್ಕಾಲಿಕ ಮುಚ್ಚಳಗಳನ್ನು ಕೂರಿಸಿದ್ದರು. ಎರಡನೆಯ ಸಣ್ಣ ಆಪರೇಷನ್ನಿನಲ್ಲಿ ಅವನ್ನು ಬಿಚ್ಚಿ, ಅವರಿಗೆಂದೇ ಮಾಡಿದ ಸೇತುವೆಯನ್ನು ಆ ತೂತುಗಳಿಗೆ ಸ್ಕ್ರೂ ಹಾಕಿ ಬಿಗಿದು, ಅದರ ಮೇಲೆ ಹಲ್ಲಿನ ಸೆಟ್ಟು ಕೊಡುವುದೆಂದು ಮೊದಲ ಗೆರೆ ಎಳೆಯುವಾಗಲೇ ಬರೆದಿಟ್ಟುಕೊಂಡಿದ್ದರು. ಮಂಡ್ಯದ ಯಜಮಾನರ ಪ್ಲೇಟಿನ ಮೇಲೆ ಹಲ್ಲಿಗೆ ಜಾಗವನ್ನು ನಾವು ಯೋಚಿಸಿಯೇ ಇರಲಿಲ್ಲ. ಅವರ ಮಗಳ ಪ್ರಶ್ನೆಯನ್ನು ಈಗ ಕೇಸ್ ಶೀಟಿನ ಮೊದಲ ಸಾಲಿನಲ್ಲೇ, ರೋಗಿ ಏನು ಉಣ್ಣುತ್ತಿದ್ದರು ಎಂಬ ಕಾಲಂ ಮಾಡಿ, ಬರೆಸುತ್ತೇನೆ.